ಗೆದ್ದ ಡ್ಯೂಕ್ ಹೊರಗೆ, ಆಡದ ಮಯಾಮಿ ಒಳಗೆ: ಒಂದು ಕಾಲೇಜು ಫುಟ್‌ಬಾಲ್ ಸೀಸನ್ನಿನ ಲೆಕ್ಕ

ಡಿಸೆಂಬರ್ 7, 2025. ಇಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಭಾನುವಾರ ರಾತ್ರಿ, ಹಾಸನದಲ್ಲಿ ಸೋಮವಾರ ಬೆಳಿಗ್ಗೆ. ಅಪ್ಪ ಕಾಫಿ ಲೋಟ ಹಿಡಿದು ವಿಡಿಯೋ ಕಾಲ್‌ಗೆ ಕೂತಿದ್ದರು. ನನ್ನ ಹಿಂದೆ ಟಿವಿ ಓಡುತ್ತಿತ್ತು.

"ಅದೇನೋ ಅದು, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಅದಾ?"

"ಹೂಂ ಅಪ್ಪ, ಕಾಲೇಜು ಫುಟ್‌ಬಾಲ್. ನಮ್ಮ ಪಕ್ಕದ ಊರಿನ ಡ್ಯೂಕ್ ಟೀಮು ನಿನ್ನೆ ಕಪ್ ಗೆದ್ದಿದೆ."

"ಓ, ಹಾಗಾದ್ರೆ ದೇಶದ ಲೆವೆಲ್ಲಿಗೆ ಹೋಗುತ್ತೆ."

"ಇಲ್ಲ. ಅದೇ ಗುಂಪಿನ ಮಯಾಮಿ ಹೋಗುತ್ತೆ."

"ಫೈನಲ್‌ನಲ್ಲಿ ಸೋತವರಾ?"

"ಅಲ್ಲ, ಸೋತಿದ್ದು ವರ್ಜೀನಿಯಾ. ಮಯಾಮಿ ಫೈನಲ್ ಆಡಲೇ ಇಲ್ಲ."

ಅಪ್ಪ ಲೋಟ ಕೆಳಗಿಟ್ಟರು. "ಇದ್ಯಾವ ಲೆಕ್ಕ ಕಣೋ?"

ಪ್ರಶ್ನೆ ಸರಿಯಾಗಿಯೇ ಇದೆ. ಆ ಒಂದು ವಾರ ಇಲ್ಲಿನ ಟಿವಿ ಸ್ಟುಡಿಯೋಗಳಲ್ಲೂ ಜನ ಇದನ್ನೇ ಕೇಳುತ್ತಿದ್ದರು. ಮುಂದೆ ಆದದ್ದು ಇನ್ನೂ ವಿಚಿತ್ರ. ತನ್ನ ಕಾನ್ಫರೆನ್ಸಿನ ಫೈನಲ್‌ಗೂ ಬಾರದ ಮಯಾಮಿ ಆರು ವಾರದ ನಂತರ ಇಡೀ ದೇಶದ ಫೈನಲ್ ಆಡಿತು. ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಮಯಾಮಿಯ ಸೀಸನ್ನನ್ನು ಒಂದೊಂದೇ ಪಂದ್ಯ ಹಿಡಿದು ನೋಡಬೇಕು. ಯಾವ ಪಂದ್ಯ ಯಾವ ಲೆಕ್ಕಕ್ಕೆ ಬರುತ್ತೆ, ಯಾವುದಕ್ಕೆ ಬರಲ್ಲ ಅನ್ನೋದರಲ್ಲೇ ಎಲ್ಲಾ ಇದೆ.

ಮೊದಲು ವ್ಯವಸ್ಥೆ ಏನು ಅಂತ ಚಿಕ್ಕದಾಗಿ ಹೇಳಿಬಿಡ್ತೀನಿ. ಅಮೆರಿಕದ ದೊಡ್ಡ ಕಾಲೇಜು ತಂಡಗಳು ಕಾನ್ಫರೆನ್ಸ್ ಅನ್ನುವ ಗುಂಪುಗಳಲ್ಲಿ ಆಡುತ್ತವೆ. ಮಯಾಮಿ, ಡ್ಯೂಕ್, ವರ್ಜೀನಿಯಾ ಇರುವುದು ಎಸಿಸಿ ಎಂಬ ಗುಂಪಿನಲ್ಲಿ. ಎಸಿಸಿ ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. ಪ್ರತಿ ತಂಡಕ್ಕೂ ವರ್ಷಕ್ಕೆ 12 ಪಂದ್ಯ. 2025ರಲ್ಲಿ ಎಸಿಸಿ ತಂಡಗಳಿಗೆ ಅದರಲ್ಲಿ 8 ಮಾತ್ರ ಕಾನ್ಫರೆನ್ಸ್ ಪಂದ್ಯಗಳು. ಉಳಿದ 4 ಪಂದ್ಯಗಳನ್ನು ಕಾಲೇಜುಗಳು ತಾವೇ ಹೊರಗಿನವರ ಜೊತೆ ಗೊತ್ತು ಮಾಡಿಕೊಳ್ಳುತ್ತವೆ. ಕಾನ್ಫರೆನ್ಸ್ ಪಟ್ಟಿಯಲ್ಲಿ ಮೊದಲ ಎರಡು ಸ್ಥಾನ ಪಡೆದವರು ಶಾರ್ಲಟ್‌ನಲ್ಲಿ ಫೈನಲ್ ಆಡುತ್ತಾರೆ. ಅದಾದ ಮೇಲೆ ರಾಷ್ಟ್ರೀಯ ಪ್ಲೇಆಫ್. ಅಲ್ಲಿ 12 ತಂಡಗಳಿಗೆ ಜಾಗ. ಅವನ್ನು ಆರಿಸುವುದು ಒಂದು ಸಮಿತಿ. 2025ರಲ್ಲಿ ಸಮಿತಿಯ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಸೀಟು ಖಾತ್ರಿ ಇತ್ತು. ಉಳಿದ ಏಳು ಸೀಟು ಬರೀ ರ‍್ಯಾಂಕಿಂಗ್ ಮೇಲೆ.

ಈಗ ಮಯಾಮಿಗೆ ಬರೋಣ. ಆಗಸ್ಟ್ 31ಕ್ಕೆ ಸ್ವಂತ ಊರಿನಲ್ಲಿ ಮೊದಲ ಪಂದ್ಯ. ಎದುರಾಳಿ ನೋಟರ್ ಡೇಮ್, ಹಿಂದಿನ ಸೀಸನ್ನಿನ ರಾಷ್ಟ್ರೀಯ ಫೈನಲ್‌ನಲ್ಲಿ ಆಡಿದ್ದ ತಂಡ. ಮಯಾಮಿ 27-24ರಿಂದ ಗೆದ್ದಿತು. ಆಮೇಲೆ ಬೆಥೂನ್-ಕುಕ್‌ಮನ್ ಎಂಬ ಸಣ್ಣ ಕಾಲೇಜಿನ ವಿರುದ್ಧ 45-3. ಸೌತ್ ಫ್ಲಾರಿಡಾ ವಿರುದ್ಧ 49-12. ಫ್ಲಾರಿಡಾ ವಿರುದ್ಧ 26-7. ಹೊರಗಿನ ನಾಲ್ಕೂ ಪಂದ್ಯ ಗೆಲುವು. ಕಾನ್ಫರೆನ್ಸಿನ ಮೊದಲ ಪಂದ್ಯದಲ್ಲಿ ಫ್ಲಾರಿಡಾ ಸ್ಟೇಟ್ ಕೂಡ 28-22ರಿಂದ ಸೋತಿತು. ಐದಕ್ಕೆ ಐದು. ಊರಲ್ಲೆಲ್ಲ ಈ ವರ್ಷ ನಮ್ಮದೇ ಅನ್ನೋ ಮಾತು.

ಅಕ್ಟೋಬರ್ 17, ಶುಕ್ರವಾರ ರಾತ್ರಿ. ಲೂಯಿವಿಲ್ ತಂಡ ಮಯಾಮಿಗೆ ಬಂತು. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್. ಚೆಂಡು ಎಸೆಯುವ ಆಟಗಾರ ಇವನೇ, ತಂಡದ ಜುಟ್ಟು ಇವನ ಕೈಯಲ್ಲಿ. ಆ ರಾತ್ರಿ ಬೆಕ್ ನಾಲ್ಕು ಸಲ ಚೆಂಡನ್ನು ನೇರವಾಗಿ ಎದುರಾಳಿಯ ಕೈಗೇ ಎಸೆದ. ಆದರೂ ಪಂದ್ಯ ಹೋದದ್ದು ಬರೀ 3 ಅಂಕಗಳಲ್ಲಿ, 24-21. ನಡುವೆ ಸ್ಟ್ಯಾನ್‌ಫರ್ಡ್ ಮೇಲೆ ಒಂದು ಗೆಲುವು. ಎರಡು ವಾರ ಕಳೆದು ನವೆಂಬರ್ 1ಕ್ಕೆ ಡಲ್ಲಾಸ್‌ನಲ್ಲಿ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ) ಜೊತೆ ಪಂದ್ಯ. ನಿಗದಿತ ಸಮಯಕ್ಕೆ 20-20. ಹೆಚ್ಚುವರಿ ಆಟದಲ್ಲಿ ಬೆಕ್ ಮತ್ತೆ ಚೆಂಡನ್ನು ಎದುರಾಳಿಯ ಕೈಗೇ ಎಸೆದ. 26-20, ಸೋಲು.

ಅಷ್ಟೇ. ಆ 12 ಪಂದ್ಯಗಳಲ್ಲಿ ಸೋತದ್ದು ಈ ಎರಡೇ. ಮುಂದಿನ ನಾಲ್ಕು ಪಂದ್ಯಗಳನ್ನು ಮಯಾಮಿ ಸಲೀಸಾಗಿ ಗೆದ್ದಿತು, ಕೊನೆಯದು ಪಿಟ್ಸ್‌ಬರ್ಗ್ ಮೇಲೆ 38-7. ಒಟ್ಟು 10 ಗೆಲುವು, 2 ಸೋಲು. ಆದರೆ ಎರಡೂ ಸೋಲು ಬಂದದ್ದು ಕಾನ್ಫರೆನ್ಸ್ ಪಂದ್ಯಗಳಲ್ಲಿ. ಹಾಗಾಗಿ ಎಸಿಸಿ ಪಟ್ಟಿಯಲ್ಲಿ 6-2. ನೋಟರ್ ಡೇಮ್ ಮೇಲಿನ ಗೆಲುವಿಗೆ ಆ ಪಟ್ಟಿಯಲ್ಲಿ ಬೆಲೆ ಸೊನ್ನೆ. ನೋಟರ್ ಡೇಮ್ ಬೇರೆ ಬಹುತೇಕ ಆಟಗಳಲ್ಲಿ ಎಸಿಸಿ ಸದಸ್ಯ, ಫುಟ್‌ಬಾಲ್‌ನಲ್ಲಿ ಯಾವ ಗುಂಪಿಗೂ ಸೇರದೆ ಒಂಟಿಯಾಗಿ ಆಡುತ್ತದೆ.

ಡ್ಯೂಕ್‌ನದ್ದು ಸರಿಯಾಗಿ ಉಲ್ಟಾ. ಅದೂ ಕಾನ್ಫರೆನ್ಸಿನಲ್ಲಿ 6-2. ಹೊರಗಿನ ನಾಲ್ಕು ಪಂದ್ಯಗಳಲ್ಲಿ ಮೂರು ಸೋಲು: ಇಲಿನಾಯ್, ಟುಲೇನ್, ಕನೆಟಿಕಟ್. ಒಟ್ಟು 7-5. ಒಂದು ತಂಡ 10-2, ಇನ್ನೊಂದು 7-5. ಕಾನ್ಫರೆನ್ಸ್ ಪಟ್ಟಿಯ ಕಣ್ಣಿಗೆ ಎರಡೂ ಒಂದೇ.

ವರ್ಜೀನಿಯಾ 7-1ರಿಂದ ಮೊದಲ ಸ್ಥಾನದಲ್ಲಿತ್ತು. ಅದರಲ್ಲೂ ಒಂದು ತಮಾಷೆ ಇದೆ. ಸೆಪ್ಟೆಂಬರ್ 6ಕ್ಕೆ ವರ್ಜೀನಿಯಾ ನಾರ್ತ್ ಕ್ಯಾರೊಲಿನಾ ಸ್ಟೇಟ್ ಮೇಲೆ 35-31ರಿಂದ ಸೋತಿತ್ತು. ಎರಡೂ ಎಸಿಸಿ ತಂಡಗಳೇ. ಆದರೆ ಆ ಪಂದ್ಯವನ್ನು ಮೊದಲೇ ಕಾನ್ಫರೆನ್ಸ್ ಲೆಕ್ಕಕ್ಕೆ ಹೊರತು ಎಂದು ಗೊತ್ತು ಮಾಡಲಾಗಿತ್ತು. ಹಾಗಾಗಿ ಆ ಸೋಲು ಪಟ್ಟಿಗೆ ಏರಲೇ ಇಲ್ಲ. ಒಂದೇ ಮನೆಯವರು ಜಗಳ ಆಡಿ, "ಇದು ಮನೆ ಜಗಳ ಅಲ್ಲ" ಅಂದ ಹಾಗೆ.

ಎರಡನೇ ಸ್ಥಾನಕ್ಕೆ ಐದು ತಂಡ ಸಮ ಆದವು: ಮಯಾಮಿ, ಡ್ಯೂಕ್, ಎಸ್‌ಎಂಯು, ಪಿಟ್ಸ್‌ಬರ್ಗ್, ಜಾರ್ಜಿಯಾ ಟೆಕ್. ಎಲ್ಲರದ್ದೂ 6-2. ಎಸ್‌ಎಂಯು ಕೊನೆಯ ಶನಿವಾರ ಕ್ಯಾಲಿಫೋರ್ನಿಯಾದಲ್ಲಿ ಗೆದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಅದು 38-35ರಿಂದ ಸೋತು ಎಲ್ಲರನ್ನೂ ಗೊಂದಲಕ್ಕೆ ಕೆಡವಿತು.

ಅಪ್ಪನಿಗೆ ಇದನ್ನು ವಿವರಿಸಲು ಇಂಡಿಯನ್ ಅಂಗಡಿಯ ಬಿಲ್ ಹಿಂದೆ ಐದು ಹೆಸರು ಬರೆದೆ. ಪರಸ್ಪರ ಆಡಿದವರ ನಡುವೆ ಗೆರೆ ಎಳೆದೆ. ಐದು ತಂಡ ಅಂದರೆ ಒಟ್ಟು 10 ಜೋಡಿ ಆಗಬೇಕು. ನನಗೆ ಸಿಕ್ಕಿದ್ದು ನಾಲ್ಕೇ ಗೆರೆ. ಮಯಾಮಿ-ಎಸ್‌ಎಂಯು, ಮಯಾಮಿ-ಪಿಟ್ಸ್‌ಬರ್ಗ್, ಪಿಟ್ಸ್‌ಬರ್ಗ್-ಜಾರ್ಜಿಯಾ ಟೆಕ್, ಡ್ಯೂಕ್-ಜಾರ್ಜಿಯಾ ಟೆಕ್. ಮಯಾಮಿ ಮತ್ತು ಡ್ಯೂಕ್ ಮುಖಾಮುಖಿ ಆಗಲೇ ಇಲ್ಲ. ಸರಿ, ಐವರಿಗೂ ಸಾಮಾನ್ಯ ಎದುರಾಳಿ ಯಾರು ಅಂತ ಹುಡುಕಿದರೆ ಸಿಗುವುದು ಸಿರಾಕ್ಯೂಸ್ ಒಂದೇ. ಆ ವರ್ಷ ಸಿರಾಕ್ಯೂಸ್ 12ರಲ್ಲಿ 9 ಸೋತಿತ್ತು. ಐವರೂ ಅದನ್ನು ಸೋಲಿಸಿದ್ದರು. ಅದರಿಂದಲೂ ಉಪಯೋಗ ಇಲ್ಲ.

"ನೆಟ್ ರನ್ ರೇಟ್ ತರಹ ಏನೂ ಇಲ್ವಾ?" ಅಂದರು ಅಪ್ಪ. 2024ರ ಮೇ 18ಕ್ಕೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನು 27 ರನ್‌ನಿಂದ ಸೋಲಿಸಿ, ನೆಟ್ ರನ್ ರೇಟ್ ಮೇಲೆ ಪ್ಲೇಆಫ್‌ಗೆ ನುಗ್ಗಿದ್ದನ್ನು ಮರೆತ ಕನ್ನಡಿಗರು ಯಾರಿದ್ದಾರೆ?

ಇದೆ, ಆದರೆ ಬೇರೆ ಥರ. ಇಲ್ಲಿ ಪಂದ್ಯವನ್ನು ಎಷ್ಟು ಅಂಕಗಳಿಂದ ಗೆದ್ದೆ ಅನ್ನೋದನ್ನು ನೋಡಲಿಲ್ಲ. ನೀನು ಯಾರ ಜೊತೆ ಆಡಿದೆಯೋ ಅವರು ಕಾನ್ಫರೆನ್ಸಿನಲ್ಲಿ ಎಷ್ಟು ಗೆದ್ದರು ಅಂತ ನೋಡಿದರು. ಡ್ಯೂಕ್‌ನ ಎದುರಾಳಿಗಳು ಜಾಸ್ತಿ ಗೆದ್ದಿದ್ದರು. ಮಯಾಮಿಯ ಎದುರಾಳಿಗಳಲ್ಲಿ ವರ್ಜೀನಿಯಾ ಟೆಕ್ ಮತ್ತು ಸಿರಾಕ್ಯೂಸ್ 3-9, ಸ್ಟ್ಯಾನ್‌ಫರ್ಡ್ 4-8, ಫ್ಲಾರಿಡಾ ಸ್ಟೇಟ್ 5-7. ನೆಟ್ ರನ್ ರೇಟ್ ನಿನ್ನ ಕೈಯಲ್ಲಿದೆ. ಬೇಗ ಓಡಿದರೆ ಏರುತ್ತೆ. ಇದು ಹಾಗಲ್ಲ. ಯಾರ ಜೊತೆ ಯಾರು ಅನ್ನುವ ವೇಳಾಪಟ್ಟಿಯನ್ನು ಎಸಿಸಿ 2023ರಲ್ಲೇ ಹಲವು ವರ್ಷಗಳಿಗೆ ಒಟ್ಟಿಗೆ ಮಾಡಿಟ್ಟಿತ್ತು. ಫ್ಲಾರಿಡಾ ಸ್ಟೇಟ್ ಆ ವರ್ಷ 13-0 ಇದ್ದ ಕಾನ್ಫರೆನ್ಸ್ ಚಾಂಪಿಯನ್. ಎರಡು ವರ್ಷದಲ್ಲಿ ಅದು 5-7ಕ್ಕೆ ಇಳಿಯುತ್ತೆ, ಅದರಿಂದ ಮಯಾಮಿಗೆ ಏಟು ಬೀಳುತ್ತೆ ಅಂತ ಯಾರಿಗೆ ಗೊತ್ತಿತ್ತು?

ನನ್ನ ಪ್ರಕಾರ ಇಲ್ಲಿ ತಪ್ಪು ಟೈ ಬ್ರೇಕರ್‌ನದ್ದಲ್ಲ. ಐದು ತಂಡ, ನಾಲ್ಕು ಗೆರೆ ಇದ್ದಾಗ ಯಾವ ನಿಯಮ ತಂದರೂ ಅದು ಚೀಟಿ ಎತ್ತಿದ ಹಾಗೇ. ತಪ್ಪು ಇರುವುದು ಕಾನ್ಫರೆನ್ಸಿನ ಗಾತ್ರದಲ್ಲಿ. ಎಸಿಸಿ 1953ರಲ್ಲಿ ಶುರುವಾದಾಗ ಇದ್ದದ್ದು 7 ಕಾಲೇಜು. ಹೆಚ್ಚುಕಮ್ಮಿ ಅಕ್ಕಪಕ್ಕದ ರಾಜ್ಯಗಳವು. ಈಗ ಫುಟ್‌ಬಾಲ್‌ನಲ್ಲಿ 17. ಪೆಸಿಫಿಕ್ ಕಡೆಯ ಪ್ಯಾಕ್-12 ಗುಂಪು ಒಡೆದು ಹೋದಾಗ 2024ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾದ ಬರ್ಕ್ಲಿ ಬಂದು ಸೇರಿದವು. ಹೆಸರು ಮಾತ್ರ ಈಗಲೂ ಅಟ್ಲಾಂಟಿಕ್ ಕರಾವಳಿಯದೇ. ಬೇ ಏರಿಯಾದ ನಮ್ಮವರು ಸ್ಟ್ಯಾನ್‌ಫರ್ಡ್ ಮುಂದೆ ಕಾರಿನಲ್ಲಿ ಹೋಗುವಾಗ ಒಮ್ಮೆ ನಕ್ಕುಬಿಡಿ. ಡಲ್ಲಾಸ್‌ನ ಎಸ್‌ಎಂಯು ಅಂತೂ ಒಳಗೆ ಬರಲು ಒಂಬತ್ತು ವರ್ಷ ಕಾನ್ಫರೆನ್ಸಿನ ಟಿವಿ ದುಡ್ಡೇ ಬೇಡ ಅಂದಿತು.

2022ರವರೆಗೆ ಎಸಿಸಿ ಎರಡು ವಿಭಾಗ ಇಟ್ಟುಕೊಂಡಿತ್ತು, ಒಂದೊಂದರಲ್ಲಿ 7 ತಂಡ. ವಿಭಾಗದ ಒಳಗೆ ಎಲ್ಲರೂ ಎಲ್ಲರ ಜೊತೆ ಆಡುತ್ತಿದ್ದರು. ಅಲ್ಲಿ ಪಟ್ಟಿಗೆ ಒಂದು ಅರ್ಥ ಇತ್ತು. ಅದನ್ನು ತೆಗೆದು ಒಂದೇ ಪಟ್ಟಿ ಮಾಡಿದ ಮೇಲೆ, 2025ರಲ್ಲಿ ಪ್ರತಿ ತಂಡವೂ 16 ಎದುರಾಳಿಗಳಲ್ಲಿ 8 ಮಂದಿಯನ್ನು ಮಾತ್ರ ನೋಡಿತು. ಇನ್ನರ್ಧ ಜನರ ಮುಖವನ್ನೇ ನೋಡಿರಲಿಲ್ಲ. ಇನ್ನು ಮುಂದೆ 9 ಕಾನ್ಫರೆನ್ಸ್ ಪಂದ್ಯಕ್ಕೆ ಹೋಗುತ್ತೇವೆ ಎಂದು ಎಸಿಸಿ ಹೇಳಿದೆ. ಒಳ್ಳೆಯದೇ, ಆದರೆ ಸುಮ್ನೆ ಗುಣಾಕಾರ ಮಾಡಿ ನೋಡಿ. 17 ತಂಡ, ತಲಾ 9 ಪಂದ್ಯ, 153. ಪ್ರತಿ ಪಂದ್ಯಕ್ಕೂ ಎರಡು ತಂಡ ಬೇಕು, 153 ಬೆಸ ಸಂಖ್ಯೆ. ಅಂದರೆ ಎಲ್ಲರೂ 9 ಆಡಲು ಸಾಧ್ಯವೇ ಇಲ್ಲ. ಯಾರೋ ಒಬ್ಬರಾದರೂ 8ಕ್ಕೇ ನಿಲ್ಲಬೇಕು.

ಡಿಸೆಂಬರ್ 6ಕ್ಕೆ ಶಾರ್ಲಟ್‌ನಲ್ಲಿ ಡ್ಯೂಕ್ ಮತ್ತು ವರ್ಜೀನಿಯಾ ಆಡಿದವು. ಮೂರು ವಾರ ಮುಂಚೆ ಇದೇ ವರ್ಜೀನಿಯಾ ಡ್ಯೂಕ್ ಮನೆಗೇ ಬಂದು 34-17ರಿಂದ ಬಡಿದು ಹೋಗಿತ್ತು. ಈ ಸಲ ಹೆಚ್ಚುವರಿ ಆಟದಲ್ಲಿ ಡ್ಯೂಕ್ 27-20ರಿಂದ ಗೆದ್ದಿತು. ಯಾರ ಜೊತೆಗೂ ಹಂಚಿಕೊಳ್ಳದೆ ಡ್ಯೂಕ್ ಎಸಿಸಿ ಕಪ್ ಹಿಡಿದದ್ದು 1962ರ ನಂತರ ಇದೇ ಮೊದಲು. ಡ್ಯೂಕ್ ಅಂದರೆ ಬ್ಯಾಸ್ಕೆಟ್‌ಬಾಲ್. ನನ್ನ ಆಫೀಸಿನಲ್ಲಿ ಡ್ಯೂಕ್ ಟೀ ಶರ್ಟ್ ಹಾಕಿ ಓಡಾಡುವವರಲ್ಲೂ ಅರ್ಧ ಜನಕ್ಕೆ ಫುಟ್‌ಬಾಲ್ ಫೈನಲ್ ಇದೆ ಅಂತ ಗೊತ್ತಾದದ್ದೇ ಆ ವಾರ. ಇನ್ನೊಂದು ಮಾತು. ಡ್ಯೂಕ್‌ನ ಕೋಚ್ ಮ್ಯಾನಿ ಡಿಯಾಸ್ ಹಿಂದೆ ಮಯಾಮಿಯ ಕೋಚ್ ಆಗಿದ್ದವರು. 2021ರ ಡಿಸೆಂಬರ್‌ನಲ್ಲಿ ಮಯಾಮಿ ಅವರನ್ನು ತೆಗೆದು ಮಾರಿಯೋ ಕ್ರಿಸ್ಟೊಬಾಲ್ ಅವರನ್ನು ತಂದಿತು. ಮಯಾಮಿ 2004ರಲ್ಲಿ ಎಸಿಸಿಗೆ ಸೇರಿತು. ಅದಕ್ಕೂ ಮುಂಚೆ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಂಡ ಅದು. ಸೇರಿದ ಮೇಲೆ ಇವತ್ತಿನವರೆಗೆ ಎಸಿಸಿ ಕಪ್ ಒಂದು ಸಲವೂ ಗೆದ್ದಿಲ್ಲ. ತೆಗೆದುಹಾಕಿದ ಕೋಚ್ ಬೇರೆ ತಂಡ ಕಟ್ಟಿಕೊಂಡು ಅದನ್ನೇ ಗೆದ್ದರು.

ಕಪ್ ಗೆದ್ದರೂ ಡ್ಯೂಕ್‌ಗೆ ಪ್ಲೇಆಫ್ ಸಿಗಲಿಲ್ಲ. ಐದು ಸೋಲು ಇದ್ದ ಕಾರಣ ಸಮಿತಿಯ ರ‍್ಯಾಂಕಿಂಗ್‌ನಲ್ಲೇ ಅದು ಇರಲಿಲ್ಲ. ಸಣ್ಣ ಕಾನ್ಫರೆನ್ಸುಗಳ ಚಾಂಪಿಯನ್ನರಾದ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಮುಂದಿದ್ದವು. ಅದರಲ್ಲಿ ಟುಲೇನ್ ಡ್ಯೂಕ್‌ನನ್ನು ನೇರವಾಗಿಯೇ ಸೋಲಿಸಿತ್ತು, 34-27. ಡ್ಯೂಕ್ ಹುಡುಗರ ಬಗ್ಗೆ ಬೇಜಾರಾಗುತ್ತೆ, ನಿಜ. ಗೆಲ್ಲು ಅಂದದ್ದನ್ನು ಗೆದ್ದರು. ಆದರೆ ನಿಯಮ ಮೊದಲೇ ಗೊತ್ತಿತ್ತು, ಅನ್ಯಾಯ ಅನ್ನಲಾರೆ.

ನಿಜವಾದ ಜಗಳ ಇದ್ದದ್ದು ಕೊನೆಯ ಸೀಟಿಗೆ. ಮಯಾಮಿಯೋ, ನೋಟರ್ ಡೇಮೋ? ಎರಡೂ 10-2. ನೋಟರ್ ಡೇಮ್ ಮೊದಲ ಎರಡು ಪಂದ್ಯ ಸೋತಿತ್ತು, ಮಯಾಮಿ ಮೇಲೆ 3 ಅಂಕದಿಂದ, ಟೆಕ್ಸಸ್ ಎ ಅಂಡ್ ಎಂ ಮೇಲೆ 1 ಅಂಕದಿಂದ. ಆಮೇಲೆ ಸತತ ಹತ್ತು ಗೆಲುವು. ಸಮಿತಿಯ ಮೊದಲ ರ‍್ಯಾಂಕಿಂಗ್ ನವೆಂಬರ್ 4ಕ್ಕೆ ಬಂತು. ಆಗ ಎರಡೂ ತಂಡ 6-2. ನೋಟರ್ ಡೇಮ್ 10ನೇ ಸ್ಥಾನ, ಅದನ್ನು ಸೋಲಿಸಿದ ಮಯಾಮಿ 18! ವಾರ ವಾರ ಮಯಾಮಿ ಮೆಟ್ಟಿಲು ಹತ್ತುತ್ತಾ ಬಂತು, ಆದರೆ ನೋಟರ್ ಡೇಮ್ ಯಾವಾಗಲೂ ಮೇಲೇ.

ಕೊನೆಯ ವಾರಾಂತ್ಯದಲ್ಲಿ ಎರಡೂ ತಂಡಗಳಿಗೆ ಪಂದ್ಯ ಇರಲಿಲ್ಲ. ಎರಡೂ ಮನೆಯಲ್ಲಿ ಕೂತು ಟಿವಿ ನೋಡಿದವು. ಆದರೂ ಭಾನುವಾರ ಮಧ್ಯಾಹ್ನ ಮಯಾಮಿ 10, ನೋಟರ್ ಡೇಮ್ 11. ಏನಾಯಿತು? ಇಬ್ಬರ ನಡುವೆ ಬಿವೈಯು ಅನ್ನುವ ತಂಡ ಇತ್ತು. ಅದು ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಮೇಲೆ 34-7ರಿಂದ ಸೋತು ಕೆಳಗೆ ಬಿತ್ತು. ಈಗ ಮಯಾಮಿ, ನೋಟರ್ ಡೇಮ್ ಪಕ್ಕಪಕ್ಕ ಬಂದವು. ಆಗ ಸಮಿತಿ ಆಗಸ್ಟ್ 31ರ ಪಂದ್ಯವನ್ನು ತೆಗೆದು ಮೇಜಿನ ಮೇಲಿಟ್ಟಿತು. ಮೂರು ತಿಂಗಳು ಮುಂಚೆ ಮುಗಿದ ಪಂದ್ಯ ಅದು. ಐದು ವಾರ ಅದೇ ಸಮಿತಿ ರ‍್ಯಾಂಕಿಂಗ್ ಮಾಡಿದಾಗಲೂ ಅದು ಅಲ್ಲೇ ಇತ್ತು.

ಫಲಿತಾಂಶ ಸರಿ, ಆದರೆ ಬಂದ ದಾರಿ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ದಾಖಲೆ ಒಂದೇ ಇದ್ದಾಗ ಮುಖಾಮುಖಿ ಗೆದ್ದವನು ಮುಂದೆ ಇರಬೇಕು. ಇದನ್ನು ಗಲ್ಲಿ ಕ್ರಿಕೆಟ್ ಆಡುವ ಹುಡುಗರೂ ಒಪ್ಪುತ್ತಾರೆ. ಅದನ್ನು ನವೆಂಬರ್ 4ಕ್ಕೇ ಹೇಳಿದ್ದರೆ ನೋಟರ್ ಡೇಮ್‌ಗೆ ಆಸೆ ಹುಟ್ಟುತ್ತಲೇ ಇರಲಿಲ್ಲ. ಪ್ರತಿ ಮಂಗಳವಾರ ಟಿವಿಗೊಂದು ಶೋ ಬೇಕು ಅಂತ ರ‍್ಯಾಂಕಿಂಗ್ ಬಿಡುಗಡೆ ಮಾಡಿ, ಕೊನೆಗೆ ಅದನ್ನೇ ತಿರುವಿದರೆ ಯಾರಿಗಾದರೂ ಸಿಟ್ಟು ಬರುತ್ತೆ, ಅಲ್ವಾ? ನೋಟರ್ ಡೇಮ್‌ಗೆ ಎಷ್ಟು ಸಿಟ್ಟು ಬಂತೆಂದರೆ, ಬೇರೆ ಯಾವ ಬೌಲ್ ಪಂದ್ಯವನ್ನೂ (ಸೀಸನ್ ಕೊನೆಗೆ ಆಹ್ವಾನ ಕೊಟ್ಟು ಆಡಿಸುವ ಪಂದ್ಯ) ಆಡುವುದಿಲ್ಲ ಎಂದು ಸೀಸನ್ನನ್ನೇ ಮುಗಿಸಿತು.

ಒಳಗೆ ಬಂದ ಮಯಾಮಿ ಡಿಸೆಂಬರ್ 20ಕ್ಕೆ ಟೆಕ್ಸಸ್ ಎ ಅಂಡ್ ಎಂ ಮೈದಾನಕ್ಕೆ ಹೋಯಿತು. ಲಕ್ಷಕ್ಕೂ ಜಾಸ್ತಿ ಜನ ಹಿಡಿಸುವ ಮೈದಾನ ಅದು. ಕೊನೆಯ ಕ್ವಾರ್ಟರ್‌ನಲ್ಲೂ 3-3. ಮೊದಲ ವರ್ಷದ ಹುಡುಗ ಮಲಾಕೈ ಟೋನಿ ಚೆಂಡು ಕೈಬಿಟ್ಟು ತಲೆ ತಗ್ಗಿಸಿಕೊಂಡು ಹೋದ. ಎರಡು ನಿಮಿಷಕ್ಕೂ ಕಡಿಮೆ ಉಳಿದಾಗ ಅದೇ ಹುಡುಗ ಗೆಲುವಿನ ಟಚ್‌ಡೌನ್ ಹೊಡೆದ. 10-3. ಮುಂದೆ ಡಿಸೆಂಬರ್ 31ಕ್ಕೆ ಹಿಂದಿನ ವರ್ಷದ ಚಾಂಪಿಯನ್ ಒಹಾಯೊ ಸ್ಟೇಟ್ ಮೇಲೆ 24-14. ಸೆಮಿಫೈನಲ್‌ನಲ್ಲಿ ಓಲ್ ಮಿಸ್ ಮೇಲೆ 31-27. ಇಲ್ಲಿ 18 ಸೆಕೆಂಡ್ ಉಳಿದಿದ್ದಾಗ ಬೆಕ್ ತಾನೇ ಚೆಂಡು ಹಿಡಿದು ಓಡಿ ಗೆಲ್ಲಿಸಿದ.

ಫೈನಲ್ ಜನವರಿ 19ಕ್ಕೆ, ಮಯಾಮಿಯ ಸ್ವಂತ ಮೈದಾನದಲ್ಲಿ. ಸ್ಥಳ ಮೊದಲೇ ಗೊತ್ತಾಗಿತ್ತು, ಬರೀ ಕಾಕತಾಳೀಯ. ಎದುರಾಳಿ ಇಂಡಿಯಾನಾ. ಅದರ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಸ ಮಯಾಮಿಯಲ್ಲೇ ಬೆಳೆದ ಹುಡುಗ, ಕ್ರಿಸ್ಟೊಬಾಲ್ ಓದಿದ ಹೈಸ್ಕೂಲಿನವನೇ. ಇಂಡಿಯಾನಾ 27-21ರಿಂದ ಗೆದ್ದು 16-0 ಆಯಿತು. ಮಯಾಮಿ 13-3ಕ್ಕೆ ಮುಗಿಸಿತು. ಕೊನೆಯಲ್ಲೂ ಬೆಕ್ ಎಸೆದ ಚೆಂಡು ಎದುರಾಳಿಯ ಕೈಗೇ ಹೋಯಿತು.

ಮಯಾಮಿ ಫೈನಲ್‌ಗೆ ಹೋದದ್ದರಿಂದ ಸಮಿತಿ ಸರಿ ಅಂತ ಸಾಬೀತಾಯಿತು ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ನೋಟರ್ ಡೇಮ್ ಹೋಗಿದ್ದರೆ ಅದೂ ಗೆಲ್ಲಬಹುದಿತ್ತೇನೋ. ಆದರೆ ಒಂದಂತೂ ಕಂಡಿತು. ಎಸಿಸಿ ಪಟ್ಟಿಯ 6-2 ಅನ್ನುವ ಅಂಕಿ ಈ ತಂಡದ ಬಗ್ಗೆ ಹೆಚ್ಚೇನೂ ಹೇಳಿರಲಿಲ್ಲ.

ದುಡ್ಡಿನ ಮಾತೂ ಇದೆ. ಪ್ಲೇಆಫ್‌ಗೆ ಬಂದರೆ 40 ಲಕ್ಷ ಡಾಲರ್, ಕ್ವಾರ್ಟರ್ ಫೈನಲ್‌ಗೆ ಇನ್ನೊಂದು 40 ಲಕ್ಷ, ಸೆಮಿಗೆ 60, ಫೈನಲ್‌ಗೆ 60. ಒಟ್ಟು 2 ಕೋಟಿ ಡಾಲರ್. ಇದು ಕಾನ್ಫರೆನ್ಸಿಗೆ ಬರುವ ಹಣ. ಆದರೆ ಎಸಿಸಿ ನಿಯಮದ ಪ್ರಕಾರ ಆಡಿ ಗಳಿಸಿದ ಕಾಲೇಜೇ ಇಟ್ಟುಕೊಳ್ಳಬಹುದು. 2025-26ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡುತ್ತಿವೆ, ಆ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಅಂದರೆ ಆ ಒಂದು ಸೀಟು ಇಡೀ ವರ್ಷದ ಸಂಬಳದ ಖರ್ಚನ್ನು ಹೆಚ್ಚುಕಮ್ಮಿ ತೂಗಿಸಿತು. ಸಮಿತಿಯ ಕೋಣೆಯಲ್ಲಿ 10 ಮತ್ತು 11ರ ನಡುವಿನ ವ್ಯತ್ಯಾಸ ಎಷ್ಟು ಅಂತ ಈಗ ಗೊತ್ತಾಯಿತಲ್ಲ.

2026ರಿಂದ ನಿಯಮ ಬದಲಾಗಿದೆ. ತಂಡಗಳು 12ಕ್ಕೇ ನಿಂತಿವೆ. ಆದರೆ ದೊಡ್ಡ ನಾಲ್ಕು ಕಾನ್ಫರೆನ್ಸುಗಳ ಚಾಂಪಿಯನ್ನರಿಗೆ ರ‍್ಯಾಂಕಿಂಗ್ ಏನೇ ಇರಲಿ ಸೀಟು ಖಾತ್ರಿ, ಸಣ್ಣ ಕಾನ್ಫರೆನ್ಸುಗಳಿಂದ ಒಬ್ಬರು. ನೋಟರ್ ಡೇಮ್ ಮೊದಲ 12ರೊಳಗೆ ಇದ್ದರೆ ಅದಕ್ಕೂ ಖಾತ್ರಿ. ಜನವರಿಯಲ್ಲಿ ಅಪ್ಪ ಮತ್ತೆ ಕೇಳಿದಾಗ ಅದೇ ಬಿಲ್ಲಿನ ಉಳಿದ ಜಾಗದಲ್ಲಿ ಹೊಸ ನಿಯಮದಿಂದ ಹಳೇ ಸೀಸನ್ ಬರೆದೆ. ಚಾಂಪಿಯನ್ನರು ಇಂಡಿಯಾನಾ, ಜಾರ್ಜಿಯಾ, ಟೆಕ್ಸಸ್ ಟೆಕ್, ಡ್ಯೂಕ್. ಸಣ್ಣವರ ಪೈಕಿ ಟುಲೇನ್. ಐದಾಯಿತು. 11ನೇ ಸ್ಥಾನದ ನೋಟರ್ ಡೇಮ್‌ಗೆ ಖಾತ್ರಿ ಸೀಟು, ಆರು. ಉಳಿದ ಆರಕ್ಕೆ ರ‍್ಯಾಂಕಿಂಗ್ ಪ್ರಕಾರ ಒಹಾಯೊ ಸ್ಟೇಟ್, ಒರೆಗಾನ್, ಓಲ್ ಮಿಸ್, ಟೆಕ್ಸಸ್ ಎ ಅಂಡ್ ಎಂ, ಒಕ್ಲಹೋಮ, ಅಲಬಾಮ. ಹನ್ನೆರಡು ತುಂಬಿತು. 10ನೇ ಸ್ಥಾನದ ಮಯಾಮಿಗೆ ಜಾಗ ಇಲ್ಲ.